ಮಲೆನಾಡಿನ ವ್ಯವಹಾರಕ್ಕೆ ಹಳೆಯ 'ಫೋರ್ ವೀಲ್' ವಾಹನ: ಖರೀದಿ, ಪೋಷಣೆ ಮತ್ತು ಸುಧಾರಣೆ

ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಘಟ್ಟ ಪ್ರದೇಶದಲ್ಲಿ ವ್ಯಾಪಾರ ನಡೆಸುವವರಿಗೆ ನಾಲ್ಕೂ ಚಕ್ರಗಳಿಗೆ ಚಾಲನೆ ಇರುವ ವಾಹನವು ವಿಲಾಸದ ವಸ್ತುವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಒಳದಾರಿಗಳು ಕೆಸರಾಗಿ, ಹಳ್ಳಗಳು ತುಂಬಿ ಹರಿಯುವಾಗ ಗೊಬ್ಬರ, ಔಷಧಿ, ಡೀಸೆಲ್, ಪಂಪುಸೆಟ್ಟಿನ ಬಿಡಿಭಾಗ ಮುಂತಾದುವನ್ನು ತಲುಪಿಸುವುದಕ್ಕೂ, ಕೊಯ್ಲಿನ ನಂತರ ಕಾಫಿ, ಮೆಣಸು, ಅಡಿಕೆಗಳನ್ನು ಡಾಂಬರು ರಸ್ತೆಯವರೆಗೆ ತರುವುದಕ್ಕೂ ಇಂತಹ ವಾಹನವೇ ಆಧಾರ. ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ, ಕೊಲ್ಲೂರಿನಿಂದ ಕೊಡಚಾದ್ರಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳ ಮೇಲೆಯೇ ಅನೇಕ ಕುಟುಂಬಗಳ ಜೀವನ ನಡೆದಿದೆ. ಹೊಸ ವಾಹನದ ಬೆಲೆ ಭರಿಸಲಾಗದ ವರ್ತಕರು ಸಹಜವಾಗಿಯೇ ಹಳೆಯದರತ್ತ ನೋಡುತ್ತಾರೆ. ಆದರೆ ಖರೀದಿಯ ದಿನ ಉಳಿದಂತೆ ಕಂಡ ಹಣವು ಮೊದಲ ಮಳೆಗಾಲದಲ್ಲಿಯೇ ಗ್ಯಾರೇಜಿನ ಪಾಲಾಗುವ ಪ್ರಸಂಗಗಳು ಅಪರೂಪವಲ್ಲ. ಇದಕ್ಕೆ ಕಾರಣ ಬಹುತೇಕ ಎಂಜಿನ್ನಲ್ಲ. ನೋಡದೆ ಬಿಟ್ಟ ಕೆಳಭಾಗ ಮತ್ತು ಓದದೆ ಬಿಟ್ಟ ಕಾಗದಪತ್ರ.

ಮಾರುಕಟ್ಟೆಯಲ್ಲಿ ದೊರೆಯುವ ವಾಹನಗಳು

ರಾಜ್ಯದ ಹಳೆ ವಾಹನಗಳ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ತಲೆಮಾರುಗಳನ್ನು ಕಾಣಬಹುದು. ಮೊದಲನೆಯದು ಮಹೀಂದ್ರಾ ಜೀಪುಗಳದು: 2112 ಸಿ.ಸಿ. ಸಾಮರ್ಥ್ಯದ ಪೂಜೊ ಡೀಸೆಲ್ ಎಂಜಿನ್ ಹೊಂದಿದ್ದ ಎಂ.ಎಂ. 540, ಅನಂತರದ 2523 ಸಿ.ಸಿ.ಯ ಡಿ.ಐ. ಎಂಜಿನ್ನಿನ ಮಾದರಿಗಳು. ಎರಡನೆಯದು 1985ರಲ್ಲಿ ಬಂದು 2019ರಲ್ಲಿ ಸಾರ್ವಜನಿಕ ಮಾರಾಟ ನಿಂತ ಮಾರುತಿ ಜಿಪ್ಸಿ. ಮೂರನೆಯದು 2010ರಲ್ಲಿ ಬಿಡುಗಡೆಯಾದ ಮೊದಲ ಪೀಳಿಗೆಯ ಥಾರ್ ಹಾಗೂ ಅದರ ಜೊತೆಯಲ್ಲಿಯೇ ಎಣಿಸಬಹುದಾದ ಬೊಲೆರೊ ಮತ್ತು ಸ್ಕಾರ್ಪಿಯೊಗಳ ಫೋರ್ ವೀಲ್ ಆವೃತ್ತಿಗಳು. 2020ರಲ್ಲಿ ಹೊಸ ಥಾರ್, 2023ರಲ್ಲಿ ಜಿಮ್ನಿ ಬಂದ ನಂತರ ಈ ಮೂರನೆಯ ಗುಂಪಿನ ವಾಹನಗಳು ಕೈ ಬದಲಾಯಿಸುವುದು ಸಾಮಾನ್ಯವಾಗಿದೆ.

ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಜಿಪ್ಸಿಯ ತೂಕ ಸುಮಾರು ಒಂದು ಟನ್ ಮಾತ್ರ. ಆದ್ದರಿಂದ ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆ. ಆದರೆ ಪೆಟ್ರೋಲಿನ ಖರ್ಚೂ ಸರಕು ಹೊರುವ ಮಿತಿಯೂ ವ್ಯಾಪಾರಕ್ಕೆ ಹೊಂದುವುದು ಕಷ್ಟ. ಹಳೆಯ ಜೀಪಿನಲ್ಲಿ ವಿದ್ಯುನ್ಮಾನ ಉಪಕರಣಗಳೇ ಇಲ್ಲದ ಕಾರಣ ಊರಿನ ಮೆಕ್ಯಾನಿಕ್ ಕೈಯಲ್ಲಿಯೇ ರಿಪೇರಿಯಾಗುತ್ತದೆ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆ ಇದೆ. ಥಾರ್‌ನ ಸಿ.ಆರ್.ಡಿ.ಇ. ಎಂಜಿನ್ ಶಕ್ತಿಯುತವಾದರೂ ಅದರ ಇಂಜೆಕ್ಟರುಗಳು ಕೊಳೆ ಮತ್ತು ನೀರು ಬೆರೆತ ಡೀಸೆಲನ್ನು ಸಹಿಸುವುದಿಲ್ಲ. ತೋಟದ ಮನೆಯಲ್ಲಿ ಕ್ಯಾನುಗಳಲ್ಲಿ ಇಂಧನ ಶೇಖರಿಸಿಡುವ ಪದ್ಧತಿ ಇರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಹಳೆಯ ಡೀಸೆಲ್ ಜೀಪು ಕ್ಷಮಿಸುತ್ತಿದ್ದ ತಪ್ಪನ್ನು ಹೊಸ ಎಂಜಿನ್ ಕ್ಷಮಿಸದು.

ಕಾಗದಪತ್ರಗಳ ಪರಿಶೀಲನೆ

ವಾಹನದ ಬಾನೆಟ್ ಎತ್ತುವ ಮೊದಲು ಆರ್.ಸಿ. ತೆರೆಯುವುದು ಲೇಸು. ಚಾಸಿಯ ಮೇಲೆ ಕೊರೆದಿರುವ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಗಳು ಆರ್.ಸಿ.ಯಲ್ಲಿರುವಂತೆಯೇ ಇರಬೇಕು. ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಆ ಬದಲಾವಣೆ ನೋಂದಣಿ ದಾಖಲೆಯಲ್ಲಿ ನಮೂದಾಗದೇ ಇದ್ದಲ್ಲಿ ಅಂತಹ ವಾಹನವನ್ನು ಎಷ್ಟೇ ಅಗ್ಗವಾದರೂ ಕೊಳ್ಳದಿರುವುದು ಒಳಿತು. ನೋಂದಣಿ ನವೀಕರಣದ ದಿನ ಅದು ಕೇವಲ ಗುಜರಿಯ ಬೆಲೆಗೆ ಇಳಿಯುತ್ತದೆ.

ಸಾರಿಗೆಯೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ತದನಂತರ ತಪಾಸಣೆಗೆ ಒಳಪಟ್ಟು ಐದೈದು ವರ್ಷಗಳಿಗೆ ನವೀಕರಿಸಲ್ಪಡುತ್ತದೆ. ಇದಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. ಲಘು ಮೋಟಾರು ವಾಹನದ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ ರೂ. 600ರ ಬದಲು ರೂ. 5,000 ಆಯಿತು. 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ 20 ವರ್ಷ ಮೀರಿದವುಗಳಿಗೆ ರೂ. 10,000 ಎಂದು ನಿಗದಿಪಡಿಸಲಾಯಿತು. ಇದರೊಂದಿಗೆ ರಾಜ್ಯದ ಹಸಿರು ತೆರಿಗೆಯೂ ಸೇರುತ್ತದೆ. ಖರೀದಿ ಬೆಲೆಯನ್ನು ಮಾತನಾಡುವಾಗ ಈ ವೆಚ್ಚವನ್ನು ಯಾರು ಭರಿಸುವುದೆಂದು ಮೊದಲೇ ತೀರ್ಮಾನಿಸಿಕೊಳ್ಳುವುದು ಸೂಕ್ತ.

ಸರ್ಕಾರಿ ಇಲಾಖೆಗಳ ಹರಾಜಿನಲ್ಲಿ ಬರುವ ಜೀಪುಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಕೇಂದ್ರ, ರಾಜ್ಯ ಹಾಗೂ ಸಾರ್ವಜನಿಕ ಸಂಸ್ಥೆಗಳ 15 ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ದೇಶದ ರಕ್ಷಣೆ, ಕಾನೂನು ಮತ್ತು ಸುವ್ಯವಸ್ಥೆಗಾಗಿ ಬಳಸುವ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ ಇದೆ. ಆದ್ದರಿಂದ ಹರಾಜು ಪ್ರಕಟಣೆಯಲ್ಲಿ ವಾಹನವನ್ನು ರಸ್ತೆ ಬಳಕೆಗೆ ಮಾರಲಾಗುತ್ತಿದೆಯೇ ಅಥವಾ ಗುಜರಿಯಾಗಿಯೇ ಎಂಬುದನ್ನು ಓದಿ ತಿಳಿಯದೆ ಬೆಲೆ ಕೂಗಬಾರದು.

ದೆಹಲಿಯಿಂದ ಬರುವ ಅಗ್ಗದ ಡೀಸೆಲ್ ವಾಹನಗಳದು ಇನ್ನೊಂದು ಕಥೆ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ 2015ರ ಆದೇಶದ ಪರಿಣಾಮವಾಗಿ ರಾಜಧಾನಿ ವಲಯದ 10 ವರ್ಷ ಹಳೆಯ ಡೀಸೆಲ್ ವಾಹನಗಳು ಬೇರೆ ರಾಜ್ಯಗಳತ್ತ ಹರಿದುಬಂದವು. ಇಂತಹ ವಾಹನಕ್ಕೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಇದೆಯೇ ಎಂಬುದು ಮೊದಲ ಪ್ರಶ್ನೆ. ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸುವಾಗ ವಾಹನದ ವಯಸ್ಸಿಗೆ ತಕ್ಕಂತೆ ಜೀವಿತಾವಧಿ ತೆರಿಗೆ ಕಟ್ಟಬೇಕಾಗುತ್ತದೆ. ಅದನ್ನು ಸೇರಿಸಿದ ನಂತರವೂ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಬಹುದು.

ವಾಹನದ ಅಡಿಯಲ್ಲಿ ನೋಡಬೇಕಾದುದು

ಜೀಪು, ಜಿಪ್ಸಿ ಮತ್ತು ಥಾರ್ ಮೂರರಲ್ಲಿಯೂ ಇರುವುದು ಬೇಕಾದಾಗ ಮಾತ್ರ ಮುಂದಿನ ಚಕ್ರಗಳನ್ನು ಜೋಡಿಸಿಕೊಳ್ಳುವ ವ್ಯವಸ್ಥೆ. ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯು ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳಿಗೆ ಹಂಚುತ್ತದೆ. 'ಲೋ' ಸ್ಥಾನದಲ್ಲಿ ವೇಗ ಕಡಿಮೆಯಾಗಿ, ಜೀಪಿನಲ್ಲಿ ಎಳೆಯುವ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ. ಈ ಪೆಟ್ಟಿಗೆಯಲ್ಲಿ ಎರಡು ಶಾಫ್ಟ್‌ಗಳ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ; ಆ ವ್ಯತ್ಯಾಸವನ್ನು ಕೆಸರಿನಲ್ಲಿ ಚಕ್ರ ಜಾರಿ ಸರಿಪಡಿಸಿಕೊಳ್ಳುತ್ತದೆ, ಒಣ ಡಾಂಬರಿನಲ್ಲಿ ಜಾರಲು ಆಸ್ಪದವಿಲ್ಲ. ಆಗ ಬಿಗಿತವೆಲ್ಲ ಗೇರುಗಳ ಹಲ್ಲಿಗೆ ಮತ್ತು ಕ್ರಾಸ್‌ಗಳಿಗೆ ಬೀಳುತ್ತದೆ. ಹಿಂದಿನ ಮಾಲೀಕನ ಚಾಲಕನು ಘಾಟಿ ರಸ್ತೆಯಲ್ಲಿಯೂ ಫೋರ್ ವೀಲ್ ಹಾಕಿಯೇ ಓಡಿಸುತ್ತಿದ್ದನೆಂದು ತಿಳಿದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಿ ನೋಡದೆ ಹಣ ಕೊಡಬಾರದು.

ಮುಂದಿನ ಚಾಲನೆ ನಿಜವಾಗಿಯೂ ಇದೆಯೇ ಎಂಬುದೇ ಮೊದಲ ಪರೀಕ್ಷೆ. ಮುಂದಿನ ಶಾಫ್ಟನ್ನೇ ತೆಗೆದು, ಹೊರಗೆ ಮಾತ್ರ 'ಫೋರ್ ಬೈ ಫೋರ್' ಎಂಬ ಅಂಟುಪಟ್ಟಿ ಉಳಿಸಿದ ಜೀಪುಗಳುಂಟು. ಶಾಫ್ಟ್ ಇದ್ದ ಮಾತ್ರಕ್ಕೆ ಒಳಗೆ ಎಲ್ಲವೂ ಸರಿಯಾಗಿದೆ ಎನ್ನುವಂತಿಲ್ಲ. ಇದಕ್ಕೊಂದು ಸುಲಭ ವಿಧಾನವಿದೆ. ಸಮತಟ್ಟಾದ ಜಾಗದಲ್ಲಿ ಹಿಂದಿನ ಚಕ್ರಗಳಿಗೆ ಗಟ್ಟಿಯಾದ ಅಡೆ ಕೊಟ್ಟು, ಎಂಜಿನ್ ನಿಲ್ಲಿಸಿ, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆ ಎತ್ತಬೇಕು. ಹಬ್‌ಗಳು ಲಾಕ್ ಆಗಿರಲಿ, ಟ್ರಾನ್ಸ್‌ಫರ್ ಕೇಸ್ ಫೋರ್ ವೀಲ್‌ನಲ್ಲಿ, ಗೇರ್ ಒಂದರಲ್ಲಿ ಇರಲಿ. ಈಗ ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸ್ವಲ್ಪ ಆಟ ಕಂಡು ಅಲ್ಲಿಗೇ ನಿಲ್ಲಬೇಕು. ಚಕ್ರ ಸರಾಗವಾಗಿ ಸುತ್ತಿದರೆ ಹಬ್, ಆಕ್ಸಲ್ ಅಥವಾ ಒಳಗಿನ ಗೇರು ಮುರಿದಿದೆ ಎಂದರ್ಥ. ಆಟವೇ ಕಾಲು ಸುತ್ತಿನಷ್ಟಿದ್ದರೆ ಕ್ರೌನ್-ಪಿನಿಯನ್, ಕ್ರಾಸ್, ಸ್ಪ್ಲೈನುಗಳು ಸವೆದಿವೆ. ಹಬ್ ತಾನಾಗಿಯೇ ಲಾಕ್ ಆಗುವ ಮಾದರಿಗಳಲ್ಲಿ ಈ ಪರೀಕ್ಷೆಗೆ ಮೊದಲು ವಾಹನವನ್ನು ಫೋರ್ ವೀಲ್‌ನಲ್ಲಿ ಕೆಲವು ಮೀಟರ್ ಚಲಾಯಿಸಿ ಲಾಕ್ ಆಗಲು ಬಿಡಬೇಕು.

ಇನ್ನೊಂದು ದೋಷ ಇದಕ್ಕಿಂತಲೂ ದುಬಾರಿಯಾದುದು; ಆದರೆ ಬಹುಮಂದಿ ಗಮನಿಸುವುದೇ ಇಲ್ಲ. ಜೀಪಿನ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಗೇರ್ ಅನುಪಾತ ಒಂದೇ ಆಗಿರಬೇಕು. ಕ್ರೌನ್‌ನಲ್ಲಿ 43, ಪಿನಿಯನ್‌ನಲ್ಲಿ 8 ಹಲ್ಲುಗಳಿದ್ದರೆ ಅನುಪಾತ 5.38, ಕ್ರೌನ್‌ನಲ್ಲಿ 39 ಇದ್ದರೆ 4.88. ಹಿಂದಿನ ಆಕ್ಸಲ್ ಕೆಟ್ಟಾಗ ಗುಜರಿಯಿಂದ ಬೇರೆ ಮಾದರಿಯ ಆಕ್ಸಲ್ ತಂದು ಹಾಕಿದ ವಾಹನದಲ್ಲಿ ಈ ಎರಡೂ ಒಟ್ಟಿಗೆ ಇರಬಹುದು. ಎರಡು ಚಕ್ರಗಳ ಚಾಲನೆಯಲ್ಲಿ ಯಾವ ತೊಂದರೆಯೂ ತೋರುವುದಿಲ್ಲ. ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಒಂದು ವೇಗದಲ್ಲಿ, ಹಿಂದಿನದು ಇನ್ನೊಂದು ವೇಗದಲ್ಲಿ ಸುತ್ತಲು ಯತ್ನಿಸಿ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಇದನ್ನು ಬಿಚ್ಚದೆಯೇ ಪತ್ತೆ ಮಾಡಬಹುದು: ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದು, ಒಂದು ಚಕ್ರವನ್ನು ಎತ್ತಿ, ಇನ್ನೊಂದು ನೆಲದ ಮೇಲಿರುವಂತೆಯೇ ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಶಾಫ್ಟಿನ ಮೇಲೆ ಚಾಕ್‌ಪೀಸಿನ ಗುರುತು ಹಾಕಿ ಅದು ಎಷ್ಟು ಸುತ್ತು ಬಂದಿತೆಂದು ಎಣಿಸಿದರೆ ಅದೇ ಅನುಪಾತ. ಐದಕ್ಕೆ ಸ್ವಲ್ಪ ಕಡಿಮೆ ಬಂದರೆ 4.88, ಐದೂಕಾಲು ದಾಟಿದರೆ 5.38. ಮುಂದೆ, ಹಿಂದೆ ಎರಡೂ ಕಡೆ ಒಂದೇ ಸಂಖ್ಯೆ ಬರಬೇಕು. ಹತ್ತು ನಿಮಿಷದ ಈ ಕೆಲಸಕ್ಕೆ ಯಾವ ಮಾರಾಟಗಾರನೂ ಅಡ್ಡಿಪಡಿಸಲಾರ. ಅಡ್ಡಿಪಡಿಸಿದರೆ ಅದೇ ಉತ್ತರ. ನಾಲ್ಕು ಟಯರುಗಳೂ ಒಂದೇ ಅಳತೆಯವಾಗಿರಬೇಕೆಂಬ ನಿಯಮಕ್ಕೂ ಇದೇ ಕಾರಣ.

ಚಾಸಿಯಲ್ಲಿ ಬಿರುಕುಗಳನ್ನು ಸ್ಪ್ರಿಂಗ್ ಪ್ಲೇಟುಗಳ ಕೊಂಡಿ ಕೂರುವ ಜಾಗದಲ್ಲಿ, ಸ್ಟಿಯರಿಂಗ್ ಪೆಟ್ಟಿಗೆಯ ಬೋಲ್ಟುಗಳ ಸುತ್ತ ಹಾಗೂ ಅಡ್ಡಪಟ್ಟಿಗಳ ಬೆಸುಗೆಯಲ್ಲಿ ಹುಡುಕಬೇಕು. ಹೊಸದಾಗಿ ಬಳಿದ ದಪ್ಪನೆಯ ಕಪ್ಪು ಬಣ್ಣ ಇದ್ದ ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ತುಕ್ಕು ಹಿಡಿದ ಲೋಹದ ಮಂದ ಶಬ್ದ ಬೇರೆಯಾಗಿಯೇ ಕೇಳುತ್ತದೆ. ಕರಾವಳಿಯಲ್ಲಿ ಓಡಿದ ವಾಹನಗಳಿಗೆ ಈ ಪರೀಕ್ಷೆ ಇನ್ನಷ್ಟು ಮುಖ್ಯ. ಎಂಜಿನ್ನಿನ ವಿಷಯದಲ್ಲಿ ಮೆಕ್ಯಾನಿಕ್‌ಗಳೆಲ್ಲರಿಗೂ ತಿಳಿದ ಲಕ್ಷಣಗಳೇ ಸಾಕು. ತಣ್ಣಗಿರುವಾಗ ಚಾಲೂ ಮಾಡಿಸಬೇಕು. ನೀಲಿ ಹೊಗೆ ಆಯಿಲ್ ಸುಡುವುದರ ಗುರುತು. ಆಯಿಲ್ ಮುಚ್ಚಳ ತೆಗೆದಾಗ ರಭಸದಿಂದ ಹೊಗೆ ಎದ್ದರೆ ಪಿಸ್ಟನ್ ರಿಂಗ್ ಸವೆದಿದೆ.

ಆಯಿಲ್, ಗ್ರೀಸ್ ಮತ್ತು ನೀರು

ಸಾಮಾನ್ಯ ಕಾರಿಗೂ ಫೋರ್ ವೀಲ್ ವಾಹನಕ್ಕೂ ಪೋಷಣೆಯಲ್ಲಿರುವ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಆಯಿಲ್ ಇರುವ ಪೆಟ್ಟಿಗೆಗಳು ಐದು: ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವ ಮಾಲೀಕರೂ ಉಳಿದ ನಾಲ್ಕನ್ನು ವರ್ಷಗಟ್ಟಲೆ ತೆರೆಯುವುದಿಲ್ಲ. ಖರೀದಿಸಿದ ವಾರದಲ್ಲಿಯೇ ಐದನ್ನೂ ಖಾಲಿ ಮಾಡಿ ಹೊಸದು ತುಂಬುವುದು ಅತ್ಯಂತ ಲಾಭದಾಯಕವಾದ ಖರ್ಚು. ಹೊರಬಂದ ಆಯಿಲೇ ವಾಹನದ ಚರಿತ್ರೆಯನ್ನು ಹೇಳುತ್ತದೆ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ; ಹೊಳೆಯುವ ಲೋಹದ ಚೂರುಗಳಿದ್ದರೆ ಬೇರಿಂಗ್ ಅಥವಾ ಹಲ್ಲು ಸವೆಯುತ್ತಿದೆ.

ಯಾವ ಆಯಿಲ್ ಎಂಬುದರಲ್ಲಿಯೂ ಎಚ್ಚರಿಕೆ ಬೇಕು. ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳಿಗೆ ಜಿ.ಎಲ್. 5 ದರ್ಜೆಯ ಆಯಿಲ್ ಅವಶ್ಯ. ಆದರೆ ಹಿತ್ತಾಳೆಯ ಸಿಂಕ್ರೊ ಉಂಗುರಗಳಿರುವ ಹಳೆಯ ಗೇರ್‌ಬಾಕ್ಸಿಗೆ ಅದೇ ಆಯಿಲ್ ಹಾಕಿದರೆ ಅದರಲ್ಲಿನ ಗಂಧಕದ ರಾಸಾಯನಿಕಗಳು ಆ ಉಂಗುರಗಳಿಗೆ ಹಾನಿ ಮಾಡಬಲ್ಲವು. ಅಲ್ಲಿ ತಯಾರಕರು ಸೂಚಿಸಿದ ಜಿ.ಎಲ್. 4 ದರ್ಜೆಯೇ ಇರಲಿ. 'ತೊಂಬತ್ತು ನಂಬರ್ ಆಯಿಲ್ ಕೊಡಿ' ಎಂದು ಕೇಳಿ ತರುವ ರೂಢಿಯಲ್ಲಿ ಈ ಭೇದ ಮರೆತುಹೋಗುತ್ತದೆ; 90 ಎಂಬುದು ಆಯಿಲಿನ ಮಂದತೆಯ ಸಂಖ್ಯೆಯೇ ಹೊರತು ದರ್ಜೆಯಲ್ಲ.

ಕ್ರಾಸ್‌ಗಳು, ಶಾಫ್ಟಿನ ಜಾರುವ ಭಾಗ, ಸ್ಪ್ರಿಂಗ್ ಶ್ಯಾಕಲ್, ಸ್ಟಿಯರಿಂಗ್ ಕೀಲುಗಳಿಗೆ ಮಳೆಗಾಲದಲ್ಲಿ ಪ್ರತಿ ಬಾರಿ ಆಳದ ನೀರು ದಾಟಿದ ನಂತರ ಗ್ರೀಸ್ ಒತ್ತಬೇಕು. ಹಳೆಯ ಗ್ರೀಸು, ಕೆಸರು ಸಮೇತ ಹೊರಬರುವವರೆಗೂ ಒತ್ತುವುದು ಸರಿಯಾದ ಕ್ರಮ. ಜಿಪ್ಸಿಯಲ್ಲಿ ಮುಂದಿನ ಚಕ್ರದ ಗೆಣ್ಣಿನ ಸೀಲ್ ಹರಿದರೆ ನೀರು, ಮಣ್ಣು ಒಳಗೆ ಹೋಗಿ ಕಿಂಗ್‌ಪಿನ್ ಬೇರಿಂಗ್ ಹಾಳಾಗುತ್ತದೆ. ವೇಗ ಹೆಚ್ಚಿದಾಗ ಸ್ಟಿಯರಿಂಗ್ ಅದುರುವುದಕ್ಕೆ ಇದೂ ಒಂದು ಕಾರಣ. ಆಗ ಡ್ಯಾಂಪರ್ ಮಾತ್ರ ಬದಲಿಸಿ ಕೈತೊಳೆದುಕೊಳ್ಳುವುದು ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಕೊಟ್ಟಂತೆ.

ನೀರು ಡಿಫರೆನ್ಷಿಯಲ್ ಒಳಗೆ ಹೋಗುವ ಬಗೆಯನ್ನು ತಿಳಿದರೆ ಅದನ್ನು ತಡೆಯುವುದು ಸುಲಭ. ಗಂಟೆಗಟ್ಟಲೆ ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಹೀರತೊಡಗುತ್ತದೆ. ಉಸಿರಾಟದ ರಂಧ್ರವಾದ ಬ್ರೀದರ್ ನೀರಿನೊಳಗಿದ್ದರೆ ಅಥವಾ ಮಣ್ಣಿನಿಂದ ಮುಚ್ಚಿದ್ದರೆ ಸೀಲುಗಳ ಮೂಲಕ ನೀರೇ ಒಳಸೇರುತ್ತದೆ. ಬ್ರೀದರ್‌ಗೆ ಆಯಿಲ್ ತಡೆಯುವ ರಬ್ಬರ್ ಕೊಳವೆ ಜೋಡಿಸಿ ಅದರ ಬಾಯನ್ನು ಬಾನೆಟ್ಟಿನ ಮಟ್ಟಕ್ಕೆ ಒಯ್ದರೆ ಕೆಲವೇ ನೂರು ರೂಪಾಯಿಗಳಲ್ಲಿ ಈ ತೊಂದರೆ ತೀರುತ್ತದೆ. ಹಳ್ಳಕ್ಕಿಳಿಯುವ ಮುನ್ನ ಐದಾರು ನಿಮಿಷ ನಿಂತು ತಣಿಯಲು ಬಿಡುವುದಕ್ಕೆ ಅದೂ ಖರ್ಚಾಗದು.

ಎಂಜಿನ್ ಗಾಳಿಯೊಂದಿಗೆ ನೀರನ್ನು ಎಳೆದುಕೊಂಡರೆ ಪರಿಣಾಮ ಗಂಭೀರವಾದುದು. ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಕೂಡದು. ವಾಹನವನ್ನು ಎಳೆದು ಹೊರತಂದು, ಡೀಸೆಲ್‌ನಲ್ಲಿ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿ, ಪೆಟ್ರೋಲ್‌ನಲ್ಲಿ ಸ್ಪಾರ್ಕ್ ಪ್ಲಗ್ ತೆಗೆದು, ನೀರು ಹೊರಹೋಗುವಂತೆ ಕೈಯಿಂದ ಸುತ್ತಿಸಬೇಕು. ಚಾಲಕರಿಗೆ ಈ ಒಂದು ಸೂಚನೆಯನ್ನು ಬರೆದುಕೊಟ್ಟರೂ ಅಡ್ಡಿಯಿಲ್ಲ. ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಸ್ವಲ್ಪ ದೂರ ಓಡಿಸಿ ಒಣಗಿಸದೆ ಇಳಿಜಾರಿಗೆ ಹೋಗಬಾರದು.

ಟಯರು ಮೊದಲು, ಉಳಿದುದು ನಂತರ

ಸುಧಾರಣೆಗೆ ಇಂತಿಷ್ಟೇ ಹಣವೆಂದು ನಿಗದಿಪಡಿಸಿಕೊಂಡವರು ಅದನ್ನು ಮೊದಲು ಟಯರಿಗೆ ಖರ್ಚು ಮಾಡುವುದು ವಿವೇಕ. ಹೆಡ್‌ಲೈಟಿನ ಸಾಲು, ಬಂಪರು, ಛಾವಣಿಯ ಕ್ಯಾರಿಯರ್‌ಗಳು ಕೆಸರಿನಲ್ಲಿ ಒಂದು ಅಡಿಯೂ ಮುಂದೆ ಒಯ್ಯಲಾರವು. ತಯಾರಕರು ಸೂಚಿಸಿದ ಅಳತೆಯಲ್ಲಿಯೇ ಆಳವಾದ ಹಲ್ಲುಗಳಿರುವ, ಕೆಸರು ತಾನಾಗಿ ಉದುರಿಹೋಗುವ ನಮೂನೆಯ ಟಯರು ಸಾಕು. 2025ರ ಸೆಪ್ಟೆಂಬರ್ 22ರಿಂದ ಟಯರು ಮತ್ತು ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ಇಲ್ಲಿ ಅನುಕೂಲವಾಗಿದೆ.

ದೊಡ್ಡ ಟಯರಿನ ಮೋಹಕ್ಕೆ ಒಳಗಾಗುವ ಮೊದಲು ಒಂದು ಲೆಕ್ಕ. 28 ಅಂಗುಲದ ಟಯರಿನ ಜಾಗದಲ್ಲಿ 31 ಅಂಗುಲದ್ದು ಹಾಕಿದರೆ ಪ್ರತಿ ಸುತ್ತಿನಲ್ಲಿ ವಾಹನವು ಶೇ. 10ಕ್ಕಿಂತ ಹೆಚ್ಚು ದೂರ ಹೋಗುತ್ತದೆ. ಅಂದರೆ ಸ್ಪೀಡೋಮೀಟರ್ 40 ತೋರಿಸುವಾಗ ನಿಜವಾದ ವೇಗ 44. ಚಕ್ರದಲ್ಲಿ ದೊರೆಯುವ ಎಳೆಯುವ ಬಲವೋ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಬ್ರೇಕು, ಬೇರಿಂಗು, ಆಕ್ಸಲ್‌ಗಳ ಮೇಲಿನ ಹೊರೆ ಮಾತ್ರ ಹೆಚ್ಚು. ತುಂಬಿದ ಹೊರೆಯೊಂದಿಗೆ ಏರು ಹತ್ತಬೇಕಾದ ವಾಹನಕ್ಕೆ ಇದು ನಷ್ಟದ ಬಾಬತ್ತು.

ಇರುವ ಟಯರಿನಲ್ಲಿಯೇ ಗಾಳಿ ಕಡಿಮೆ ಮಾಡುವುದರಿಂದ ಹೆಚ್ಚಿನ ಪ್ರಯೋಜನ ಪಡೆಯಬಹುದು. ರಸ್ತೆಯಲ್ಲಿ 30 ಪೌಂಡ್ ಒತ್ತಡವಿರುವ ಟ್ಯೂಬ್‌ಲೆಸ್ ಟಯರನ್ನು ಕೆಸರಿನಲ್ಲಿ 18-20ಕ್ಕೆ ಇಳಿಸಿದರೆ ನೆಲ ಮುಟ್ಟುವ ಭಾಗ ಉದ್ದವಾಗಿ ಹಿಡಿತ ಹೆಚ್ಚುತ್ತದೆ. ಆದರೆ ಹೊರೆ ತುಂಬಿದಾಗ ಹೀಗೆ ಮಾಡಬಾರದು. ಟ್ಯೂಬ್ ಇರುವ ಟಯರಿನಲ್ಲಿ ಒತ್ತಡ ತುಂಬಾ ಇಳಿದರೆ ಟಯರು ರಿಮ್ಮಿನ ಮೇಲೆ ಜಾರಿ ವಾಲ್ವು ಕಿತ್ತುಹೋಗುತ್ತದೆ. ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಲು ಬ್ಯಾಟರಿಯಿಂದ ನಡೆಯುವ ಸಣ್ಣ ಕಂಪ್ರೆಸರ್ ಜೊತೆಯಲ್ಲಿರಬೇಕು.

ಎರಡನೆಯ ಖರ್ಚು ಎಳೆಯುವ ಕೊಂಡಿಗಳದು. ಹೂತ ವಾಹನವನ್ನು ಬಂಪರಿಗೋ ಸ್ಪ್ರಿಂಗ್ ಪ್ಲೇಟಿಗೋ ಹಗ್ಗ ಕಟ್ಟಿ ಎಳೆದು, ಕಿತ್ತುಬಂದ ಕಬ್ಬಿಣ ಜನರ ಮೇಲೆ ಹಾರಿದರೆ ಪ್ರಾಣಕ್ಕೇ ಅಪಾಯ. ಚಾಸಿಗೆ ನೇರವಾಗಿ ಬೋಲ್ಟು ಮಾಡಿದ ಕೊಂಡಿ, ಭಾರದ ಮಿತಿ ಮುದ್ರಿತವಾಗಿರುವ ಶ್ಯಾಕಲ್ ಮತ್ತು ಪಟ್ಟಿ ಇರಬೇಕು. ಎಳೆಯುವಾಗ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಜನರನ್ನು ನಿಲ್ಲಿಸಬೇಕು. ವಿಂಚ್ ಬೇಕೆನ್ನುವವರು ಹೊರೆ ಸಹಿತ ತೂಕದ ಒಂದೂವರೆ ಪಟ್ಟು ಸಾಮರ್ಥ್ಯದ್ದನ್ನು ಆಯ್ಕೆ ಮಾಡುವುದು ರೂಢಿ.

ಡಿಫರೆನ್ಷಿಯಲ್ ಲಾಕ್ ವಿಚಾರದಲ್ಲಿ ಖರೀದಿಯ ಹಂತದಲ್ಲಿಯೇ ಯೋಚಿಸುವುದು ಮೇಲು. ಮೊದಲ ಪೀಳಿಗೆಯ ಥಾರ್ ಸಿ.ಆರ್.ಡಿ.ಇ.ಗೆ 2015ರ ಪರಿಷ್ಕರಣೆಯಲ್ಲಿ ಹಿಂದಿನ ಆಕ್ಸಲ್‌ಗೆ ತಾನಾಗಿಯೇ ಕೆಲಸ ಮಾಡುವ ಲಾಕ್ ಬಂದಿತು. ಒಂದು ಚಕ್ರ ಗಾಳಿಯಲ್ಲಿ ಸುತ್ತತೊಡಗಿದರೆ ಇನ್ನೊಂದಕ್ಕೂ ಬಲ ತಲುಪುತ್ತದೆ. ಅದಕ್ಕಿಂತ ಹಿಂದಿನದನ್ನು ಕೊಂಡು ಲಾಕ್ ಜೋಡಿಸುವುದಕ್ಕಿಂತ ಬೆಲೆ ಸ್ವಲ್ಪ ಹೆಚ್ಚಾದರೂ 2015ರ ನಂತರದ್ದನ್ನೇ ಹುಡುಕುವುದು ಮಿತವ್ಯಯ.

ಮಾರ್ಪಾಡಿನ ಕಾನೂನು ಮತ್ತು ಫ್ಯಾಬ್ರಿಕೇಷನ್ ಘಟಕಗಳು

ಈ ಭಾಗವು ವಾಹನ ಮಾಲೀಕರಿಗಿಂತಲೂ ವೆಲ್ಡಿಂಗ್ ಮತ್ತು ಫ್ಯಾಬ್ರಿಕೇಷನ್ ಘಟಕಗಳನ್ನು ನಡೆಸುವವರಿಗೆ ಸಂಬಂಧಿಸಿದೆ. ಮೋಟಾರು ವಾಹನಗಳ ಕಾಯಿದೆ, 1988ರ 52ನೆಯ ಪ್ರಕರಣದ ಪ್ರಕಾರ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದುದಕ್ಕಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಈ ನಿಲುವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿಯೊಂದು ಮಾರ್ಪಾಡಿಗೂ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ಮುಂಭಾಗದ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು. ಏರ್‌ಬ್ಯಾಗ್ ಇರುವ ವಾಹನದಲ್ಲಿ ಬುಲ್ ಬಾರ್ ಅಪಘಾತದ ಬಲ ಹರಿಯುವ ದಾರಿಯನ್ನೇ ಬದಲಿಸುವುದರಿಂದ ಇದು ಬರಿಯ ದಂಡದ ಪ್ರಶ್ನೆಯಲ್ಲ.

ಹೀಗಿರುವಾಗ ಎತ್ತರಿಸಿದ ಸಸ್ಪೆನ್ಷನ್, ಚಾಸಿ ಕತ್ತರಿಸಿ ಗಿಡ್ಡಮಾಡುವುದು, ಬೇರೆ ಕಂಪನಿಯ ಎಂಜಿನ್ ಕೂರಿಸುವುದು ಮುಂತಾದ ಕೆಲಸಗಳನ್ನು ಒಪ್ಪಿಕೊಳ್ಳುವ ಘಟಕಗಳು ಗ್ರಾಹಕನನ್ನು ತೊಂದರೆಗೆ ಸಿಲುಕಿಸುವುದರೊಂದಿಗೆ ತಮ್ಮ ಹೆಸರನ್ನೂ ಪಣಕ್ಕಿಡುತ್ತವೆ. ಎತ್ತರಿಸುವುದರಲ್ಲಿ ಯಾಂತ್ರಿಕ ತೊಡಕುಗಳೂ ಇವೆ: ಶಾಫ್ಟಿನ ಕೋನ ಹೆಚ್ಚಿ ಕ್ರಾಸ್ ಬೇಗ ಸವೆಯುತ್ತದೆ, ಬ್ರೇಕಿನ ಹೋಸ್ ಪೈಪು ಬಿಗಿಯುತ್ತದೆ, ಗುರುತ್ವ ಕೇಂದ್ರ ಮೇಲೇರಿ ಅಡ್ಡ ಇಳಿಜಾರಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ಎಂಜಿನ್ ಹಾಳಾಗಿ ಅದೇ ಮಾದರಿಯ ಇನ್ನೊಂದನ್ನು ಹಾಕುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮೋದನೆ ಪಡೆದು ಆರ್.ಸಿ.ಯಲ್ಲಿ ನಮೂದಿಸಬೇಕು.

ಆದರೆ ಸಣ್ಣ ಘಟಕಗಳು ಮಾಡಬಹುದಾದ ಕೆಲಸವೂ ಬೇಕಾದಷ್ಟಿದೆ. ಸವೆದ ಭಾಗಗಳನ್ನು ಮೂಲ ಅಳತೆಗೆ ತರುವ ಲೇತ್ ಕೆಲಸ, ಶ್ಯಾಕಲ್ ಬುಷ್‌ಗಳು, ಸರಿಯಾಗಿ ಹದಗೊಳಿಸಿದ ಯು-ಬೋಲ್ಟುಗಳು, ಸ್ಪ್ರಿಂಗ್ ಪ್ಲೇಟುಗಳ ಮರುಹದ, ತುಕ್ಕು ನಿವಾರಣೆ ಇವೆಲ್ಲಕ್ಕೂ ಮಲೆನಾಡಿನಲ್ಲಿ ಬೇಡಿಕೆಯಿದೆ. ಯು-ಬೋಲ್ಟಿನ ಬಗ್ಗೆ ಒಂದು ಮಾತು ಸೇರಿಸಬೇಕು. ಒಮ್ಮೆ ಬಿಗಿದ ಯು-ಬೋಲ್ಟು ಹಿಗ್ಗಿರುತ್ತದೆ. ಪ್ಲೇಟು ಬದಲಿಸುವಾಗ ಹಳೆಯದನ್ನೇ ಹಾಕಿದರೆ ಬಿಗಿ ನಿಲ್ಲದೆ ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ ಜರುಗುತ್ತದೆ. ಹೊಸದನ್ನು ಹಾಕಿದ ಮೇಲೂ ಕೆಲವು ನೂರು ಕಿಲೋಮೀಟರ್‌ಗಳ ನಂತರ ಮತ್ತೊಮ್ಮೆ ಬಿಗಿಯಬೇಕು. ಗ್ರಾಹಕನನ್ನು ಈ ಕೆಲಸಕ್ಕೆ ಉಚಿತವಾಗಿ ಮರಳಿ ಕರೆಯುವ ಗ್ಯಾರೇಜಿಗೆ ಮುಂದಿನ ವರ್ಷದ ಕೆಲಸವೂ ಬರುತ್ತದೆ.

ತೆರಿಗೆ, ಪರವಾನಗಿ ಮತ್ತು ವಿಮೆ

ಹಳೆಯ ವಾಹನಗಳ ಮಾರಾಟದ ಮೇಲಿನ ಜಿ.ಎಸ್.ಟಿ.ಯನ್ನು ಮಂಡಳಿಯ 55ನೆಯ ಸಭೆಯ ಶಿಫಾರಸಿನಂತೆ 2025ರ ಜನವರಿಯಿಂದ ಶೇ. 18ಕ್ಕೆ ಏಕರೂಪಗೊಳಿಸಲಾಯಿತು. ಇದು ನೋಂದಾಯಿತ ವ್ಯಾಪಾರಿಗಳಿಗೆ ಮಾತ್ರ ಅನ್ವಯ. ಅದೂ ಪೂರ್ಣ ಬೆಲೆಯ ಮೇಲಲ್ಲ, ಲಾಭಾಂಶದ ಮೇಲೆ. ರೂ. 4,00,000ಕ್ಕೆ ಕೊಂಡ ಜೀಪನ್ನು ರೂ. 4,60,000ಕ್ಕೆ ಮಾರಿದರೆ ರೂ. 60,000ದ ಮೇಲೆ ರೂ. 10,800 ತೆರಿಗೆ. ಸಂಸ್ಥೆಯೊಂದು ತನ್ನ ಬಳಕೆಯ ವಾಹನಕ್ಕೆ ಆದಾಯ ತೆರಿಗೆಯಲ್ಲಿ ಸವಕಳಿ ಪಡೆದಿದ್ದರೆ ಮಾರಾಟ ಬೆಲೆಯಿಂದ ಸವಕಳಿ ಕಳೆದು ಉಳಿದ ಪುಸ್ತಕ ಮೌಲ್ಯವನ್ನು ಕಳೆಯಬೇಕು. ವ್ಯತ್ಯಾಸ ಋಣಾತ್ಮಕವಾದರೆ ತೆರಿಗೆಯಿಲ್ಲ. ಈ ರಿಯಾಯಿತಿಯು ಆ ವಾಹನದ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯದವರಿಗಷ್ಟೇ ಲಭ್ಯ.

ಖಾಸಗಿ ನೋಂದಣಿಯ ಬಿಳಿ ಫಲಕದ ಜೀಪಿನಲ್ಲಿ ಬಾಡಿಗೆಗೆ ಪ್ರವಾಸಿಗರನ್ನು ಸಾಗಿಸುವುದು ಪರವಾನಗಿ ನಿಯಮಗಳ ಉಲ್ಲಂಘನೆ. ಸರಕು ವಾಹನವಾಗಿ ನೋಂದಾಯಿತವಾದ ಪಿಕಪ್‌ನ ಹಿಂಭಾಗದಲ್ಲಿ ತೋಟದ ಕಾರ್ಮಿಕರನ್ನು ಕೂರಿಸಿಕೊಂಡು ಹೋಗುವ ರೂಢಿಯಂತೂ ಇನ್ನೂ ಅಪಾಯಕಾರಿ: ಅಪಘಾತವಾದಲ್ಲಿ ವಿಮಾ ಸಂಸ್ಥೆ ಹೊಣೆ ನಿರಾಕರಿಸಿ, ಪರಿಹಾರದ ಪೂರ್ಣ ಭಾರ ಮಾಲೀಕನ ಮೇಲೆಯೇ ಬೀಳಬಹುದು. ಕಾಡಿನ ದಾರಿಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ವಾಹನ ಇಳಿಸುವುದೂ ಅಪರಾಧವೇ.

ವಿಮೆ ನವೀಕರಿಸುವಾಗ ವಿಂಚ್, ಕ್ಯಾರಿಯರ್ ಮುಂತಾಗಿ ಸೇರಿಸಿದ ಉಪಕರಣಗಳನ್ನು ಲಿಖಿತವಾಗಿ ತಿಳಿಸಿ ಪಾಲಿಸಿಯಲ್ಲಿ ನಮೂದಿಸಿಕೊಳ್ಳಬೇಕು. ನೀರು ಹೊಕ್ಕು ಎಂಜಿನ್ ಹಾಳಾದ ಪ್ರಕರಣಗಳು ಸಾಮಾನ್ಯ ಪಾಲಿಸಿಯಲ್ಲಿ ಬಹುತೇಕ ಒಳಗೊಳ್ಳುವುದಿಲ್ಲ. ಅದಕ್ಕಾಗಿ ಪ್ರತ್ಯೇಕ ರಕ್ಷಣೆ ಇದ್ದರೂ ವಾಹನದ ವಯಸ್ಸು ಹೆಚ್ಚಾದಂತೆ ವಿಮಾ ಸಂಸ್ಥೆಗಳು ಅದನ್ನು ನೀಡಲು ಹಿಂಜರಿಯುತ್ತವೆ. ಪಾಲಿಸಿಯ ಅವಧಿ ಜುಲೈ ಅಥವಾ ಆಗಸ್ಟ್‌ನಲ್ಲಿ ಮುಗಿಯುವಂತಿದ್ದರೆ, ಮೇ ತಿಂಗಳಿನಲ್ಲಿ ಆಯಿಲ್ ಬದಲಿಸುವ ದಿನವೇ ಈ ವಿಚಾರಣೆಯನ್ನೂ ಮುಗಿಸಿಕೊಳ್ಳುವುದು ಅನುಕೂಲ.